ಅಮೆರಿಕದ ಸೈನಿಕರು ರೊಮೇನಿಯಾ ಬಿಟ್ಟು ಹೊರಟರೆ ಅಲ್ಲಿರುವ ನನ್ನ ಮಗನ ಗತಿ ಏನು?

ಪ್ರಶ್ನೆ: ನನ್ನ ಮಗ ಮೂರು ವರ್ಷದಿಂದ ರೊಮೇನಿಯಾದ ಕ್ಲುಜ್ ನಗರದಲ್ಲಿ, ಒಂದು ಅಮೆರಿಕನ್ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದಾನೆ. 2022ರಲ್ಲಿ ಉಕ್ರೇನ್‌ನಲ್ಲಿ ಓದುತ್ತಿದ್ದ ನಮ್ಮ ಕಡೆಯ ಮೆಡಿಕಲ್ ಹುಡುಗರು ರೊಮೇನಿಯಾ ಗಡಿ ದಾಟಿ ಬದುಕಿ ಬಂದದ್ದನ್ನು ಟಿವಿಯಲ್ಲಿ ನೋಡಿದ್ದೆವು. ಹಾಗಾಗಿ ಅವನು ಅಲ್ಲಿಗೆ ಹೊರಟಾಗ ಹೆದರಿಕೆ ಆಗಿರಲಿಲ್ಲ. ಆದರೆ 2025ರ ಕೊನೆಯಲ್ಲಿ ಅಮೆರಿಕ ಅಲ್ಲಿಂದ ಸೈನಿಕರನ್ನು ವಾಪಸ್ ಕರೆಸಿಕೊಂಡ ಸುದ್ದಿ ಓದಿದೆವು. ರಷ್ಯಾದ ಡ್ರೋನ್ ಬಿದ್ದ ಸುದ್ದಿಯೂ ಬಂತು. "ಅಮೆರಿಕದವರು ಕೈಬಿಟ್ಟರು, ಇನ್ನು ಉಕ್ರೇನ್ ಕಥೆಯೇ ಅಲ್ಲೂ" ಎನ್ನುತ್ತಾರೆ ನನ್ನ ಯಜಮಾನರು. ಮಗ ಮಾತ್ರ "ಇಲ್ಲಿ ಅಮೆರಿಕದ ಕ್ಷಿಪಣಿ ಕವಚ ಇದೆಯಮ್ಮ, ಏನೂ ಆಗಲ್ಲ" ಅಂತಾನೆ. ಅವನ ಊರಿನ ಹತ್ತಿರವೇ ಅಮೆರಿಕದವರು ಬಳಸುವ ವಾಯುನೆಲೆ ಇದೆಯಂತೆ, ಅದು ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗುತ್ತಿಲ್ಲ. ಈಗ ಫ್ಲ್ಯಾಟ್ ಕೊಳ್ಳುತ್ತೇನೆ ಎನ್ನುತ್ತಿದ್ದಾನೆ. ರೊಮೇನಿಯಾದಲ್ಲಿ ನೆಲೆಸಿದರೆ ಅಮೆರಿಕಕ್ಕೆ ವೀಸಾ ಇಲ್ಲದೆ ಹೋಗಬಹುದು ಅಂತಲೂ ಯಾರೋ ಹೇಳಿದ್ದಾರೆ. ಇದರಲ್ಲಿ ಯಾವುದು ನಿಜ? ಅವನು ಅಲ್ಲಿರಲೋ, ಬರಲೋ?
— ದಾವಣಗೆರೆಯ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕ ಒಂದಕ್ಕೊಂದು ಹೆಣೆದುಕೊಂಡಿವೆ. ಕಷ್ಟ ಬಂದರೆ ಅಮೆರಿಕ ರೊಮೇನಿಯಾದ ಜೊತೆ ನಿಲ್ಲುತ್ತದಾ ಅನ್ನುವುದು ಒಂದು. ಮಗನ ಜೀವ, ಕೆಲಸ, ದುಡ್ಡು ಸುರಕ್ಷಿತವಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕಿದರೆ ಎರಡನೆಯದಕ್ಕೂ ಸಿಕ್ಕಿತು ಅಂದುಕೊಂಡಿದ್ದೀರಿ. ಹಾಗಿಲ್ಲ. ಯುರೋಪಿನ ರಕ್ಷಣಾ ರಾಜಕೀಯ ಪಾಠ ಮಾಡುವ ನನಗೆ ವಿದ್ಯಾರ್ಥಿಗಳ ಮನೆಯವರಿಂದಲೂ ಇಂಥ ಪ್ರಶ್ನೆ ಬರುತ್ತಿರುತ್ತದೆ. ಯಜಮಾನರು ಹೇಳುವಷ್ಟು ಕೆಟ್ಟದ್ದೇನೂ ಆಗಿಲ್ಲ. ಮಗ ಹೇಳುವಷ್ಟು ನಿಶ್ಚಿಂತೆಯೂ ಬೇಡ.

ಮೊದಲು ಆ ಸುದ್ದಿ. 2025ರ ಅಕ್ಟೋಬರ್ 29ರಂದು ರೊಮೇನಿಯಾದ ರಕ್ಷಣಾ ಸಚಿವಾಲಯವೇ ಪ್ರಕಟಣೆ ಹೊರಡಿಸಿತು. ಅಮೆರಿಕದ 101ನೇ ಏರ್‌ಬೋರ್ನ್ ಡಿವಿಷನ್ನಿನ ಒಂದು ಬ್ರಿಗೇಡ್ (ದೊಡ್ಡ ಸೇನಾ ತುಕಡಿ) ಅಮೆರಿಕದ ಕೆಂಟಕಿ ರಾಜ್ಯಕ್ಕೆ ವಾಪಸ್ ಹೋಗುತ್ತದೆ, ಅದರ ಜಾಗಕ್ಕೆ ಬೇರೆ ಬ್ರಿಗೇಡ್ ಬರುವುದಿಲ್ಲ, ಸುಮಾರು 1,000 ಅಮೆರಿಕನ್ ಸೈನಿಕರು ಉಳಿಯುತ್ತಾರೆ ಅಂತ. ಇಷ್ಟು ನಿಜ. ಆದರೆ 2022ರ ಫೆಬ್ರವರಿಗೆ ಮುಂಚೆ ಅಲ್ಲಿ ಎಷ್ಟು ಜನ ಇದ್ದರು? ಹೆಚ್ಚುಕಡಿಮೆ ಅಷ್ಟೇ. ರಷ್ಯಾ ಉಕ್ರೇನ್ ಮೇಲೆ ಬಿದ್ದ ಮೇಲೆ ಗಾಬರಿಯಲ್ಲಿ ಕಳಿಸಿದ ಹೆಚ್ಚುವರಿ ಪಡೆ ಈಗ ಹಿಂದೆ ಹೋಗಿದೆ. 101ನೇ ಡಿವಿಷನ್ ಯುರೋಪಿಗೆ ಬಂದದ್ದೇ ಸುಮಾರು 80 ವರ್ಷಗಳ ನಂತರ. ಅದನ್ನು ಅಲ್ಲಿ ಶಾಶ್ವತವಾಗಿ ಇಡುತ್ತೇವೆ ಅಂತ ಯಾರೂ ಮಾತು ಕೊಟ್ಟಿರಲಿಲ್ಲ.

ಹಾಗಂತ ಏನೂ ಆಗಿಲ್ಲ ಎನ್ನಲೂ ಆಗುವುದಿಲ್ಲ. ಯುರೋಪಿನವರ ಕೈ ಬಲವಾಗಿದೆ, ಅದಕ್ಕೇ ನಾವು ಕಡಿಮೆ ಮಾಡುತ್ತಿದ್ದೇವೆ ಅಂತ ಅಮೆರಿಕದ ಸೇನೆ ವಿವರಣೆ ಕೊಟ್ಟಿತು. ಅದನ್ನು ಅವರ ದೇಶದಲ್ಲೇ ಎಲ್ಲರೂ ಒಪ್ಪಲಿಲ್ಲ. ಸೆನೆಟ್ ಮತ್ತು ಪ್ರತಿನಿಧಿ ಸಭೆಯ ಸಶಸ್ತ್ರ ಪಡೆಗಳ ಸಮಿತಿಗಳ ಅಧ್ಯಕ್ಷರಾದ ರೋಜರ್ ವಿಕರ್ ಮತ್ತು ಮೈಕ್ ರೋಜರ್ಸ್ ಬಹಿರಂಗವಾಗಿ ಆಕ್ಷೇಪ ಎತ್ತಿದರು. ಇಬ್ಬರೂ ಟ್ರಂಪ್ ಅವರ ಪಕ್ಷದವರೇ. ಗಡಿಯಾಚೆ ಯುದ್ಧ ನಡೆಯುತ್ತಿರುವಾಗ ಸೈನಿಕರನ್ನು ಕಡಿಮೆ ಮಾಡಿದರೆ ಮಾಸ್ಕೋ ಅದನ್ನು ಹೇಗೆ ಓದುತ್ತದೆ ಅನ್ನುವುದು ಅವರ ತಕರಾರು. ನನ್ನ ಅಭಿಪ್ರಾಯವೂ ಅದೇ. ಸಂಖ್ಯೆ ದೊಡ್ಡದಲ್ಲ, ಹೊತ್ತು ಸರಿಯಿರಲಿಲ್ಲ.

ಇಂಥ ಸುದ್ದಿ ಓದುವಾಗ ನಾನು ಒಂದು ವಿಂಗಡಣೆ ಮಾಡಿಕೊಳ್ಳುತ್ತೇನೆ. ವಿಮಾನ ಹತ್ತಿ ಬಂದದ್ದು ವಿಮಾನ ಹತ್ತಿ ಹೋಗುತ್ತದೆ. ಕಾಂಕ್ರೀಟಿನಲ್ಲಿ ಹೂತದ್ದು ಸುಲಭಕ್ಕೆ ಹೋಗುವುದಿಲ್ಲ. ರೊಮೇನಿಯಾದಲ್ಲಿ ಅಮೆರಿಕ ಕಾಂಕ್ರೀಟಿನಲ್ಲಿ ಹೂತಿರುವುದು ಏನು ಅಂತ ನೋಡಿದರೆ ಈ ನಂಟಿನ ನಿಜವಾದ ಅಳತೆ ಸಿಗುತ್ತದೆ.

ಒಂದು, ನಿಮ್ಮ ಮಗ ಹೇಳುವ ಕ್ಷಿಪಣಿ ಕವಚ. ಅದು ಇರುವುದು ದೆವೆಸೆಲು ಎಂಬ ಹಳ್ಳಿಯಲ್ಲಿ. ದೇಶದ ದಕ್ಷಿಣಕ್ಕೆ, ಓಲ್ಟ್ ಜಿಲ್ಲೆಯ ಬಯಲಿನಲ್ಲಿ. ಸುತ್ತ ಬರೀ ಹೊಲ. ಆ ಹೊಲಗಳ ನಡುವೆ ಯುದ್ಧನೌಕೆಯೊಂದರ ಮೇಲ್ಭಾಗವನ್ನು ಕತ್ತರಿಸಿ ತಂದಿಟ್ಟಂಥ ಕಟ್ಟಡ ನಿಂತಿದೆ, ಅದರ ಗೋಡೆಗಳಲ್ಲಿ ರಾಡಾರ್. ಅದು ಸುಮ್ನೆ ಹಾಗೆ ಕಾಣುವುದಲ್ಲ. ಅಮೆರಿಕದ ನೌಕೆಗಳಲ್ಲಿರುವ ಏಜಿಸ್ ಎಂಬ ಕ್ಷಿಪಣಿ ತಡೆ ವ್ಯವಸ್ಥೆಯನ್ನೇ ನೆಲದ ಮೇಲೆ ಕಟ್ಟಿದ್ದಾರೆ. ಮೊದಲು ನ್ಯೂಜೆರ್ಸಿಯಲ್ಲಿ ಜೋಡಿಸಿ ನೋಡಿ, ಬಿಚ್ಚಿ, ಹಡಗಿನಲ್ಲಿ ತಂದು ಮತ್ತೆ ಜೋಡಿಸಿದರು. ಸಮುದ್ರವೇ ಇಲ್ಲದ ಜಾಗದಲ್ಲಿ ಅಮೆರಿಕದ ನೌಕಾಪಡೆಯ ನೆಲೆ! 2011ರಲ್ಲಿ ಒಪ್ಪಂದ ಆಯಿತು, 2016ರ ಮೇ ತಿಂಗಳಲ್ಲಿ ಚಾಲೂ ಆಯಿತು.

ಆದರೆ ಇಲ್ಲಿ ಮಗನ ತಿಳಿವಳಿಕೆ ತಪ್ಪು. ದೆವೆಸೆಲುವಿನಲ್ಲಿರುವ ಎಸ್‌ಎಂ-3 ಕ್ಷಿಪಣಿಗಳು ದೂರದಿಂದ ಬರುವ ಬ್ಯಾಲಿಸ್ಟಿಕ್ ಕ್ಷಿಪಣಿಯನ್ನು ವಾತಾವರಣದ ಆಚೆ ಹೊಡೆಯಲು ಮಾಡಿದವು. ಇರಾನ್ ಕಡೆಯಿಂದ ಬರಬಹುದಾದ ಅಪಾಯಕ್ಕೆ ಅಂತಲೇ ಅಮೆರಿಕ ಮೊದಲಿನಿಂದ ಹೇಳಿಕೊಂಡು ಬಂದಿದೆ. ಉಕ್ರೇನ್ ಗಡಿಯ ಡ್ಯಾನ್ಯೂಬ್ ನದಿಯ ಮೇಲೆ ಗುಂಯ್‌ಗುಡುತ್ತಾ ಕೆಳಮಟ್ಟದಲ್ಲಿ ಬರುವ ಡ್ರೋನ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಅಲ್ಲಿ ಕವಚ ಇದೆ ಅಂತ ಡ್ರೋನ್ ಬಗ್ಗೆ ನಿಶ್ಚಿಂತೆಯಿಂದ ಇರುವುದು ಮನೆಗೆ ಸಿಡಿಲು ನಿರೋಧಕ ಹಾಕಿಸಿ ಸೊಳ್ಳೆ ಬರಲ್ಲ ಅಂದುಕೊಂಡ ಹಾಗೆ.

ಇನ್ನೊಂದು, ಕಪ್ಪು ಸಮುದ್ರದ ದಡದಲ್ಲಿ, ಕೊನ್‌ಸ್ಟಾಂಟ್ಸಾ ನಗರದ ಹತ್ತಿರ ಇರುವ ಮಿಖಾಯಿಲ್ ಕೊಗಲ್ನಿಚಾನು ವಾಯುನೆಲೆ. ಎಲ್ಲರೂ 'ಎಂಕೆ' ಅಂತಲೇ ಕರೆಯುತ್ತಾರೆ. ಇದರ ಬೆಲೆ ಅರ್ಥ ಆಗಬೇಕಾದರೆ 1936ರ ಮಾಂಟ್ರೂ ಒಪ್ಪಂದ ಗೊತ್ತಿರಬೇಕು. ಕಪ್ಪು ಸಮುದ್ರಕ್ಕೆ ಹೋಗುವ ದಾರಿ ಟರ್ಕಿಯ ಕೈಯಲ್ಲಿದೆ. ಆ ಸಮುದ್ರದ ದಡದಲ್ಲಿಲ್ಲದ ದೇಶಗಳ ಯುದ್ಧನೌಕೆ ಶಾಂತಿಕಾಲದಲ್ಲೂ ಅಲ್ಲಿ 21 ದಿನಕ್ಕಿಂತ ಜಾಸ್ತಿ ಇರುವಂತಿಲ್ಲ. 2022ರಿಂದ ಟರ್ಕಿಯು ಯುದ್ಧನೌಕೆಗಳಿಗೆ ಬಾಗಿಲು ಮುಚ್ಚಿದೆ. ಹಾಗಾದರೆ ಅಮೆರಿಕ ಕಪ್ಪು ಸಮುದ್ರದ ಮೇಲೆ ಕಣ್ಣಿಡುವುದು ಹೇಗೆ? ದಡದಲ್ಲಿರುವ ಗೆಳೆಯನ ನೆಲದಿಂದ, ಅವನ ಆಕಾಶದಿಂದ. ದಡದಲ್ಲಿ ಇರುವ ನ್ಯಾಟೋ (ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಕೂಟ) ದೇಶಗಳು ಮೂರೇ: ಟರ್ಕಿ, ಬಲ್ಗೇರಿಯಾ, ರೊಮೇನಿಯಾ. ಮೂವರಲ್ಲಿ ಅಮೆರಿಕಕ್ಕೆ ಅತಿ ಉತ್ಸಾಹದಿಂದ ಬಾಗಿಲು ತೆಗೆದವರು ರೊಮೇನಿಯನ್ನರು. 2003ರಲ್ಲಿ ಇರಾಕಿಗೆ ಹೋಗುವ ಸೈನಿಕರು ಇಲ್ಲಿಂದಲೇ ದಾಟಿದರು. 2005ರಲ್ಲಿ ಅಮೆರಿಕದ ಆಗಿನ ವಿದೇಶಾಂಗ ಸಚಿವೆ ಕಾಂಡೊಲೀಸಾ ರೈಸ್ ರಾಜಧಾನಿ ಬುಕಾರೆಸ್ಟಿಗೆ ಬಂದು ನೆಲೆಗಳ ಒಪ್ಪಂದಕ್ಕೆ ಸಹಿ ಹಾಕಿದರು. ಈಗ ರೊಮೇನಿಯಾ ತನ್ನ ದುಡ್ಡಿನಲ್ಲೇ ಸುಮಾರು 250 ಕೋಟಿ ಯೂರೋ ವೆಚ್ಚದಲ್ಲಿ ಎಂಕೆಯನ್ನು ದೊಡ್ಡದು ಮಾಡುತ್ತಿದೆ. ಹೊಸ ರನ್‌ವೇ, ಹ್ಯಾಂಗರ್, ಸಾವಿರಾರು ಸೈನಿಕರ ಕುಟುಂಬಗಳಿಗೆ ವಸತಿ. ಬಂದೇ ಬರುತ್ತೀರಿ ಅಂತ ನಂಬಿ ನೆಂಟರಿಗೆ ಕೋಣೆ ಕಟ್ಟಿಸುತ್ತಿದ್ದಾರೆ.

ಇನ್ನು ಕ್ಲುಜ್ ಹತ್ತಿರದ ಕಂಪಿಯಾ ತುರ್ಜಿ ವಾಯುನೆಲೆ. ಊರಿನಿಂದ ಸುಮಾರು ಒಂದು ಗಂಟೆ ದಾರಿ. ಅದು ರೊಮೇನಿಯಾದ್ದೇ ನೆಲೆ. ಅಮೆರಿಕ ಅಲ್ಲಿ ಹಣ ಹಾಕಿದೆ, ಅಲ್ಲಿಂದ ರೀಪರ್ ಡ್ರೋನ್ ಹಾರಿಸಿದೆ. ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳಿದ್ದೀರಿ. ನೇರವಾಗಿಯೇ ಹೇಳುತ್ತೇನೆ. ರಷ್ಯಾ ಮತ್ತು ನ್ಯಾಟೋ ನಡುವೆ ನಿಜವಾಗಿ ಯುದ್ಧವಾದರೆ ಮೊದಲು ಏಟು ಬೀಳುವುದು ನೆಲೆಗಳ ಮೇಲೆ. 2016ರಲ್ಲಿ ದೆವೆಸೆಲು ಚಾಲೂ ಆದ ತಿಂಗಳಲ್ಲೇ, ರೊಮೇನಿಯಾದ ಆ ಜಾಗಗಳು ಇನ್ನು ನಮ್ಮ ಗುರಿಯಲ್ಲಿರುತ್ತವೆ ಎಂಬ ಅರ್ಥದ ಮಾತನ್ನು ಪುಟಿನ್ ಆಡಿದ್ದರು. ಆದರೆ ಅಂಥ ಯುದ್ಧ ಆಗದ ಹಾಗೆ ತಡೆಯುವುದರಲ್ಲಿ ಇದೇ ನೆಲೆಗಳಿಗೂ ಪಾತ್ರವಿದೆ. ಅಮೆರಿಕದ ಸೈನಿಕರು ಮಲಗುವ ಜಾಗಕ್ಕೆ ಬಾಂಬ್ ಹಾಕುವುದು ಅಂದರೆ ಅಮೆರಿಕದ ಮೇಲೇ ಕೈ ಮಾಡಿದ ಹಾಗೆ ಅಲ್ವಾ? 1,000 ಜನ ಇದ್ದರೂ ಆ ಲೆಕ್ಕ ಬದಲಾಗುವುದಿಲ್ಲ. ಅದಕ್ಕೇ ನಾನು ಸಂಖ್ಯೆಯ ಮೇಲೆ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ.

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು. "ಕೈಬಿಟ್ಟರು" ಎಂಬ ಮಾತು ರೊಮೇನಿಯನ್ನರ ಬಾಯಲ್ಲೂ ಬೇಗ ಬರುತ್ತದೆ. ಅದಕ್ಕೆ ಕಾರಣ ಇದೆ.

ಎರಡನೇ ಮಹಾಯುದ್ಧದಲ್ಲಿ ರೊಮೇನಿಯಾ ಮೊದಲು ಹಿಟ್ಲರನ ಕಡೆ ಇತ್ತು. ಪ್ಲೊಯೆಷ್ಟಿಯ ಎಣ್ಣೆ ಬಾವಿಗಳೇ ಜರ್ಮನ್ ಸೇನೆಯ ಜೀವಾಳ. 1943ರ ಆಗಸ್ಟ್ 1ರಂದು ಅಮೆರಿಕದ 178 ಬಿ-24 ವಿಮಾನಗಳು ಲಿಬಿಯಾದಿಂದ ಹೊರಟು ಆ ಎಣ್ಣೆ ಶುದ್ಧೀಕರಣ ಕೇಂದ್ರಗಳ ಮೇಲೆ ಬಾಂಬ್ ಹಾಕಿದವು. 50ಕ್ಕೂ ಹೆಚ್ಚು ವಿಮಾನ ಹಾಳಾದವು, 300ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ಬಿದ್ದ ವಿಮಾನಗಳಿಂದ ಬದುಕಿ ಉಳಿದ ಹಲವರು ಸೆರೆ ಸಿಕ್ಕರು. ಮುಂದಿನ ವರ್ಷವೂ ದಾಳಿ ಮುಂದುವರಿದು ಸೆರೆಯಾಳುಗಳು ಸಾವಿರ ದಾಟಿದರು.

1944ರ ಆಗಸ್ಟ್ 23ರಂದು ರೊಮೇನಿಯಾ ಪಕ್ಷ ಬದಲಿಸಿತು. ಜರ್ಮನ್ನರು ಬುಕಾರೆಸ್ಟ್ ಮೇಲೆ ಬಾಂಬ್ ಹಾಕತೊಡಗಿದರು. ಪೂರ್ವದಿಂದ ಸೋವಿಯತ್ ಸೇನೆ ಬರುತ್ತಿತ್ತು. ಸೆರೆಯಲ್ಲಿದ್ದ ಅಮೆರಿಕನ್ನರನ್ನು ಹೊರಗೆ ಸಾಗಿಸುವ ಬಗ್ಗೆ ಇಟಲಿಯಲ್ಲಿದ್ದ ಅವರ ಸೇನೆಗೆ ತಿಳಿಸಬೇಕು. ಹೇಗೆ? ಕಾನ್‌ಸ್ಟಾಂಟಿನ್ ಕಾಂಟಾಕುಜಿನೊ ಎಂಬ ರೊಮೇನಿಯನ್ ಪೈಲಟ್ ತನ್ನ ಮೆಸರ್‌ಷ್ಮಿಟ್ ಯುದ್ಧವಿಮಾನದಲ್ಲಿ ರೇಡಿಯೋ ಇಡುವ ಗೂಡನ್ನು ಖಾಲಿ ಮಾಡಿಸಿದ. ಅದರೊಳಗೆ ಸೆರೆಯಾಳು ಜೇಮ್ಸ್ ಗನ್ ಎಂಬ ಲೆಫ್ಟಿನೆಂಟ್ ಕರ್ನಲ್ ಮುದುಡಿಕೊಂಡು ಮಲಗಿದ. ಜರ್ಮನ್ ವಿಮಾನ ಅಂತ ಅಮೆರಿಕನ್ನರೇ ಹೊಡೆದು ಬೀಳಿಸಬಾರದಲ್ಲ, ಅದಕ್ಕೆ ಪಕ್ಕೆಯ ಮೇಲೆ ದೊಡ್ಡದಾಗಿ ಅಮೆರಿಕದ ಬಾವುಟ ಬರೆಸಿದರು. ನೆನ್ನೆಯವರೆಗೆ ಅಮೆರಿಕನ್ನರ ಜೊತೆ ಆಕಾಶದಲ್ಲಿ ಹೊಡೆದಾಡಿದ್ದ ಪೈಲಟ್, ಬೆನ್ನ ಹಿಂದೆ ಒಬ್ಬ ಅಮೆರಿಕನ್ ಅಧಿಕಾರಿಯನ್ನು ಮುಚ್ಚಿಟ್ಟುಕೊಂಡು ಇಟಲಿಯ ಅಮೆರಿಕನ್ ನೆಲೆಯಲ್ಲಿ ಇಳಿದ. ಕೆಲವೇ ದಿನಗಳಲ್ಲಿ ಅಮೆರಿಕದ ಬಾಂಬರ್ ವಿಮಾನಗಳು ಬುಕಾರೆಸ್ಟ್ ಪಕ್ಕದ ಪೊಪೆಷ್ಟಿ ಮೈದಾನಕ್ಕೆ ಬಂದು 1,100ಕ್ಕೂ ಹೆಚ್ಚು ಜನರನ್ನು ಹೊತ್ತೊಯ್ದವು.

ಅಮೆರಿಕನ್ನರು ಹೋದರು. ಬಂದವರು ರಷ್ಯನ್ನರು. ಅಲ್ಲಿಂದ ಮುಂದೆ ವರ್ಷಗಟ್ಟಲೆ ರೊಮೇನಿಯಾದ ಹಳ್ಳಿಗಳಲ್ಲಿ ಒಂದು ಮಾತು ಓಡಾಡಿತು: "ವಿನ್ ಅಮೆರಿಕಾನಿ" — ಅಮೆರಿಕನ್ನರು ಬರುತ್ತಾರೆ. ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ಕಾರ್ಪೇಥಿಯನ್ ಬೆಟ್ಟಗಳಲ್ಲಿ ಅಡಗಿ ಹೋರಾಡಿದವರು ಆ ಆಸೆಯಲ್ಲೇ ದಿನ ದೂಡಿದರು. ಯಾರೂ ಬರಲಿಲ್ಲ. ಕೊನೆಗೆ ಅದು ನಗೆಚಾಟಿಕೆಯ ಮಾತಾಯಿತು. ಇಂದಿಗೂ ಅಮೆರಿಕದ ಸೈನಿಕ ವಾಹನ ಊರಿಗೆ ಬಂದರೆ ಮುದುಕರು ಅದೇ ಮಾತು ತೆಗೆದು ನಗುತ್ತಾರೆ.

ನಡುವೆ ಒಂದು ವಿಚಿತ್ರ ಅಧ್ಯಾಯವೂ ಇದೆ. ರೊಮೇನಿಯಾವನ್ನು ಆಳುತ್ತಿದ್ದ ಚೌಶೆಸ್ಕು ಕಠೋರ ಕಮ್ಯುನಿಸ್ಟ್. ಆದರೂ 1968ರಲ್ಲಿ ಸೋವಿಯತ್ ಸೇನೆ ಚೆಕೊಸ್ಲೊವಾಕಿಯಾಕ್ಕೆ ನುಗ್ಗಿದಾಗ ಸೇರಿಕೊಳ್ಳಲಿಲ್ಲ, ಬಹಿರಂಗವಾಗಿ ಖಂಡಿಸಿದ. ಮರುವರ್ಷ ನಿಕ್ಸನ್ ಬುಕಾರೆಸ್ಟಿಗೇ ಬಂದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸನ್ನು ಸೋವಿಯತ್ ಬಣ ಬಹಿಷ್ಕರಿಸಿದಾಗ ಸೋವಿಯತ್ ಮುಂದಾಳತ್ವದ ಸೇನಾ ಕೂಟವಾದ ವಾರ್ಸಾ ಒಕ್ಕೂಟದಿಂದ ಹೋದದ್ದು ರೊಮೇನಿಯಾ ಒಂದೇ. 20 ಚಿನ್ನ ಗೆದ್ದಿತು. ಅಮೆರಿಕದ ಪ್ರೇಕ್ಷಕರು ಅವರಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆದರೆ ಅದೇ ಸಮಯದಲ್ಲಿ ಬುಕಾರೆಸ್ಟಿನ ಜನ ಚಳಿಗಾಲದಲ್ಲಿ ಹೀಟರ್ ಇಲ್ಲದೆ, ರೊಟ್ಟಿಗೆ ಕ್ಯೂ ನಿಂತು ನಡುಗುತ್ತಿದ್ದರು. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಹತ್ತಕ್ಕೆ ಹತ್ತು ಪಡೆದ ಜಿಮ್ನಾಸ್ಟ್ ನಾಡಿಯಾ ಕೊಮನೆಚಿ 1989ರ ನವೆಂಬರ್‌ನಲ್ಲಿ ರಾತ್ರೋರಾತ್ರಿ ಗಡಿ ದಾಟಿ ಅಮೆರಿಕಕ್ಕೇ ಹೋದರು. ಒಂದು ತಿಂಗಳಲ್ಲಿ ಚೌಶೆಸ್ಕು ಆಡಳಿತ ಬಿತ್ತು.

1997ರಲ್ಲಿ ಇನ್ನೊಂದು ನಿರಾಸೆ. ಪೋಲೆಂಡ್, ಹಂಗೇರಿ, ಚೆಕ್ ದೇಶಗಳಿಗೆ ನ್ಯಾಟೋ ಕರೆ ಬಂತು, ರೊಮೇನಿಯಾಕ್ಕೆ ಇಲ್ಲ. ಅದೇ ವಾರ ಕ್ಲಿಂಟನ್ ಬುಕಾರೆಸ್ಟಿಗೆ ಹೋಗಿ ಸಮಾಧಾನಕ್ಕೆ 'ಕಾರ್ಯತಂತ್ರ ಪಾಲುದಾರಿಕೆ' ಘೋಷಿಸಿದರು. ಸಮಾಧಾನದ ಬಹುಮಾನ ಅಂತ ಅಂದು ನಕ್ಕವರೂ ಇದ್ದರು. ಆದರೆ ಇಂದಿನ ಎಲ್ಲಾ ಒಪ್ಪಂದಗಳೂ ಅದರ ಮೇಲೇ ನಿಂತಿವೆ. 2004ರ ಮಾರ್ಚ್ 29ರಂದು ರೊಮೇನಿಯಾ ನ್ಯಾಟೋ ಸೇರಿತು.

ಈ ಸದಸ್ಯತ್ವ ಪುಕ್ಕಟೆ ಸಿಗಲಿಲ್ಲ. ಇರಾಕ್ ಯುದ್ಧಕ್ಕೆ ಸೈನಿಕರನ್ನು ಕಳಿಸಿದರು. ಅಫ್ಘಾನಿಸ್ತಾನದಲ್ಲಿ 20ಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡರು. ಅಮೆರಿಕದ ಗುಪ್ತಚರ ಸಂಸ್ಥೆಯ ರಹಸ್ಯ ಬಂಧನಕೇಂದ್ರಕ್ಕೆ ತನ್ನ ನೆಲದಲ್ಲಿ ಜಾಗ ಕೊಟ್ಟದ್ದಕ್ಕೆ 2018ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ರೊಮೇನಿಯಾವನ್ನು ತಪ್ಪಿತಸ್ಥ ಎಂದಿತು. 2004ರ ಡಿಸೆಂಬರ್‌ನಲ್ಲಿ ತೇಯೋ ಪೇಟರ್ ಎಂಬ ಜನಪ್ರಿಯ ರಾಕ್ ಸಂಗೀತಗಾರ ಬುಕಾರೆಸ್ಟಿನಲ್ಲಿ ಕಾರು ಅಪಘಾತದಲ್ಲಿ ಸತ್ತ. ಡಿಕ್ಕಿ ಹೊಡೆದ ಕಾರಿನಲ್ಲಿದ್ದವನು ಅಮೆರಿಕದ ರಾಯಭಾರ ಕಚೇರಿಯ ಕಾವಲು ಪಡೆಯ ಮರೀನ್. ಅವನು ರಾಜತಾಂತ್ರಿಕ ರಕ್ಷಣೆಯಲ್ಲಿ ದೇಶ ಬಿಟ್ಟ. ಅಮೆರಿಕದ ಸೇನಾ ನ್ಯಾಯಾಲಯ ಸಾವಿನ ಆರೋಪದಿಂದ ಅವನನ್ನು ಬಿಡುಗಡೆ ಮಾಡಿತು. ಈ ಸಿಟ್ಟು ರೊಮೇನಿಯನ್ನರಲ್ಲಿ ಇನ್ನೂ ಆರಿಲ್ಲ. ಗೆಳೆತನ ಸರಿಸಮ ಅಲ್ಲ ಅಂತ ಅವರಿಗೂ ಚೆನ್ನಾಗಿ ಗೊತ್ತು. ಆದರೂ ಬಿಡುವುದಿಲ್ಲ. ಪೂರ್ವಕ್ಕೆ ಯಾರಿದ್ದಾರೆ ಅಂತ ನೋಡಿದರೆ ಯಾಕೆ ಅಂತ ಅರ್ಥವಾಗುತ್ತದೆ.

ಒಂದು ಸ್ವಾರಸ್ಯ ಹೇಳಿಬಿಡುತ್ತೇನೆ. 2003ರಲ್ಲಿ ಇರಾಕ್ ವಿಷಯದಲ್ಲಿ ಅಮೆರಿಕದ ಪರ ನಿಂತದ್ದಕ್ಕೆ ಫ್ರಾನ್ಸಿನ ಅಧ್ಯಕ್ಷ ಶಿರಾಕ್ ಈ ದೇಶಗಳನ್ನು ಗದರಿದ್ದರು, ಬಾಯಿ ಮುಚ್ಚಿಕೊಂಡಿರುವ ಒಳ್ಳೇ ಅವಕಾಶ ಕಳೆದುಕೊಂಡಿರಿ ಅಂತ. ಈಗ ರೊಮೇನಿಯಾದ ಚಿಂಕು ಎಂಬಲ್ಲಿ ನ್ಯಾಟೋ ಪಡೆಯ ಮುಂದಾಳತ್ವ ಫ್ರಾನ್ಸಿನದ್ದೇ! 2022ರಿಂದ ಅವರ ಸೈನಿಕರು, ಟ್ಯಾಂಕುಗಳು ಅಲ್ಲಿವೆ. ಚಿಂಕು ಇರುವುದು ನಿಮ್ಮ ಮಗ ಇರುವ ಟ್ರಾನ್ಸಿಲ್ವೇನಿಯಾದಲ್ಲೇ. ಅಮೆರಿಕದ ಬ್ರಿಗೇಡ್ ಹೋದ ಸುದ್ದಿ ಓದಿದ ನಮ್ಮವರಿಗೆ ಇದು ಯಾಕೋ ಕಾಣುವುದೇ ಇಲ್ಲ.

ಈಗ ಯಜಮಾನರ ಮಾತಿಗೆ ಬರುತ್ತೇನೆ. "ಉಕ್ರೇನ್ ಕಥೆಯೇ ಅಲ್ಲೂ." ಇಲ್ಲ. ಉಕ್ರೇನ್ ನ್ಯಾಟೋದಲ್ಲಿ ಇರಲಿಲ್ಲ, ರೊಮೇನಿಯಾ ಇದೆ. ನ್ಯಾಟೋ ಒಪ್ಪಂದದ 5ನೇ ವಿಧಿ ಪ್ರಕಾರ ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ. ಆದರೆ ಪೂರ್ತಿ ಓದಿ. ಪ್ರತಿ ದೇಶವೂ ತನಗೆ ಅಗತ್ಯ ಅನ್ನಿಸಿದ ಕ್ರಮ ಕೈಗೊಳ್ಳಬೇಕು ಅಂತಷ್ಟೇ ಅಲ್ಲಿದೆ. ತಾನಾಗಿಯೇ ಸೇನೆ ಬರುತ್ತದೆ ಅಂತ ಎಲ್ಲೂ ಬರೆದಿಲ್ಲ. ಹಾಗಾಗಿ ವಾಷಿಂಗ್ಟನ್ನಿನ ಮನಸ್ಸು ಮುಖ್ಯವೇ. ಅಲ್ಲಿನ ಸಂಸತ್ತು 2023ರ ಕೊನೆಯಲ್ಲಿ ಒಂದು ಕಾನೂನು ಮಾಡಿದೆ. ಅಧ್ಯಕ್ಷರು ಒಬ್ಬರೇ ತೀರ್ಮಾನಿಸಿ ನ್ಯಾಟೋ ಬಿಡುವಂತಿಲ್ಲ. ಆದರೆ ಬಿಡದೆಯೂ ಉದಾಸೀನ ಮಾಡಬಹುದಲ್ಲ? ಮಾಡಬಹುದು. ಆ ಭಯಕ್ಕೆ ಯಾವ ಕಾನೂನಿನಲ್ಲೂ ಔಷಧಿ ಇಲ್ಲ.

ಡ್ರೋನ್ ವಿಷಯ ಬೇರೆ. ತುಲ್ಚಾ ಜಿಲ್ಲೆಯಲ್ಲಿ ಪ್ಲೌರು ಅಂತ ಪುಟ್ಟ ಹಳ್ಳಿ ಇದೆ. ಎದುರಿಗೇ ಡ್ಯಾನ್ಯೂಬ್ ನದಿ, ಆಚೆ ದಡದಲ್ಲಿ ಉಕ್ರೇನಿನ ಇಜ್ಮಾಯಿಲ್ ಬಂದರು. ರಷ್ಯಾ ಆ ಬಂದರಿಗೆ ಹೊಡೆಯುತ್ತದೆ. ಚೂರುಗಳು ಈಚೆ ಬೀಳುತ್ತವೆ. ರಾತ್ರಿ ಊರವರ ಫೋನುಗಳು ಒಟ್ಟಿಗೇ ಕಿರುಚುತ್ತವೆ. ಆಕಾಶದಿಂದ ವಸ್ತುಗಳು ಬೀಳಬಹುದು, ಸುರಕ್ಷಿತ ಜಾಗಕ್ಕೆ ಹೋಗಿ ಅಂತ ಆರ್‌ಒ-ಅಲರ್ಟ್ ಸಂದೇಶ. 2023ರಲ್ಲಿ ಸೇನೆ ಅಲ್ಲಿ ಕಾಂಕ್ರೀಟ್ ಆಸರೆಗಳನ್ನು ತಂದಿಟ್ಟಿತು. 2025ರ ನವೆಂಬರ್‌ನಲ್ಲಿ ಆಚೆ ದಡದಲ್ಲಿ ಗ್ಯಾಸ್ ತುಂಬಿದ ಹಡಗಿಗೆ ಬೆಂಕಿ ಬಿದ್ದು, ಸಿಡಿದೀತು ಅಂತ ಹಳ್ಳಿಯನ್ನೇ ಖಾಲಿ ಮಾಡಿಸಿದರು. ಅದಕ್ಕೆ ಮುಂಚೆ ಸೆಪ್ಟೆಂಬರ್ 13ರಂದು ಒಂದು ಡ್ರೋನ್ ಸುಮಾರು 50 ನಿಮಿಷ ರೊಮೇನಿಯಾದ ಆಕಾಶದಲ್ಲಿ ಸುತ್ತಾಡಿತು. ಎಫ್-16 ವಿಮಾನಗಳು ಬೆನ್ನಟ್ಟಿದವು. ಹೊಡೆಯಲು ಕಾನೂನಿನ ಅನುಮತಿ ಇತ್ತು, ಆದರೂ ಹೊಡೆಯಲಿಲ್ಲ. ಕೆಳಗೆ ಜನ ಇದ್ದರು. ಹಾಗಾಗಿ ಗಡಿಯಂಚಿನ ಅಪಾಯ ನಿಜ. ಆದರೆ ಪ್ಲೌರುವಿನಿಂದ ಕ್ಲುಜ್ 400 ಕಿ.ಮೀ.ಗಿಂತ ದೂರ. ದೇಶದ ಎದುರು ಮೂಲೆ. ನಡುವೆ ಕಾರ್ಪೇಥಿಯನ್ ಬೆಟ್ಟ.

ವೀಸಾ ಕಥೆ ಬೇಗ ಮುಗಿಸುತ್ತೇನೆ, ಯಾಕೆಂದರೆ ಅದು ನಿಮ್ಮ ಮಗನಿಗೆ ಸಂಬಂಧಿಸಿದ್ದೇ ಅಲ್ಲ. ವೀಸಾ ವಿನಾಯಿತಿ ಪಾಸ್‌ಪೋರ್ಟ್ ನೋಡುತ್ತದೆ, ಮನೆ ಎಲ್ಲಿದೆ ಅಂತ ನೋಡುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರು ರೊಮೇನಿಯಾದಲ್ಲಿ ಎಷ್ಟು ವರ್ಷ ಇದ್ದರೂ ಅಮೆರಿಕಕ್ಕೆ ವೀಸಾ ಬೇಕೇ ಬೇಕು. ರೊಮೇನಿಯನ್ನರಿಗೇ ಅದು ಸಿಕ್ಕಿ ಕೈತಪ್ಪಿತು. 2025ರ ಜನವರಿ 10ರಂದು ಬೈಡನ್ ಸರ್ಕಾರ ವಿನಾಯಿತಿ ಪಟ್ಟಿಗೆ ಸೇರಿಸಿತು, ಮಾರ್ಚ್ ಕೊನೆಗೆ ಶುರುವಾಗಬೇಕಿತ್ತು, ಟ್ರಂಪ್ ಸರ್ಕಾರ ಮೊದಲು ತಡೆಹಿಡಿದು ಮೇ 2ರಂದು ರದ್ದು ಮಾಡಿತು. ನಡುವೆ ಚುನಾವಣೆಯ ಜಗಳವೂ ಇತ್ತು. 2024ರ ಡಿಸೆಂಬರ್‌ನಲ್ಲಿ ರೊಮೇನಿಯಾದ ಸಂವಿಧಾನ ನ್ಯಾಯಾಲಯ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತನ್ನು ರದ್ದು ಮಾಡಿದ್ದನ್ನು ಅಮೆರಿಕದ ಉಪಾಧ್ಯಕ್ಷ ವಾನ್ಸ್ ಮ್ಯೂನಿಕ್‌ನಲ್ಲಿ ಎಲ್ಲರೆದುರು ಟೀಕಿಸಿದ್ದರು. 2025ರ ಮೇ ತಿಂಗಳಲ್ಲಿ ಮರುಚುನಾವಣೆ ನಡೆದು ಗೆದ್ದವರು ನಿಕುಶೋರ್ ದಾನ್, ಯುರೋಪ್ ಪರ ನಿಲುವಿನವರು. ಅಫ್ಘಾನಿಸ್ತಾನದಲ್ಲಿ ಜೊತೆಗೆ ಹೋರಾಡಿ ಬಂದವನೂ ಅಮೆರಿಕ ನೋಡಲು ಇಂದಿಗೂ ವೀಸಾ ಸಂದರ್ಶನಕ್ಕೆ ಹೋಗಲೇಬೇಕು. ಅವರ ಬೇಸರ ನ್ಯಾಯವಾದದ್ದೇ.

ಹಾಗಾದರೆ ರೊಮೇನಿಯಾದ ಮುಂದೆ ಇರುವ ದಾರಿ ಏನು? ಅಮೆರಿಕದ ಶಸ್ತ್ರ ಕೊಂಡು ಸಂಬಂಧ ಬಿಗಿ ಮಾಡಿಕೊಳ್ಳುವುದು ಒಂದು. ಅದನ್ನು ಧಾರಾಳವಾಗಿಯೇ ಮಾಡುತ್ತಿದ್ದಾರೆ: ಪೇಟ್ರಿಯಾಟ್ ಕ್ಷಿಪಣಿ ತಡೆ ವ್ಯವಸ್ಥೆ, ಹೈಮಾರ್ಸ್ ರಾಕೆಟ್ ಉಡಾವಕ, ಏಬ್ರಮ್ಸ್ ಟ್ಯಾಂಕು, ಸುಮಾರು 650 ಕೋಟಿ ಡಾಲರಿಗೆ 32 ಎಫ್-35 ಯುದ್ಧವಿಮಾನ. ಇದರಲ್ಲಿ ಅಪಾಯ ಅಂದರೆ ಬಿಡಿಭಾಗ, ಸಾಫ್ಟ್‌ವೇರ್ ಎಲ್ಲಕ್ಕೂ ಮೂವತ್ತು–ನಲವತ್ತು ವರ್ಷ ಒಬ್ಬರ ಮುಖವನ್ನೇ ನೋಡಬೇಕು. ಯುರೋಪಿನ ಕಡೆ ವಾಲುವುದು ಇನ್ನೊಂದು. ಯುರೋಪಿಯನ್ ಒಕ್ಕೂಟದ 'ಸೇಫ್' ಎಂಬ ರಕ್ಷಣಾ ಸಾಲ ಯೋಜನೆಯಲ್ಲಿ ಪೋಲೆಂಡ್ ಬಿಟ್ಟರೆ ಅತಿ ದೊಡ್ಡ ಪಾಲು ರೊಮೇನಿಯಾದ್ದು, 1,600 ಕೋಟಿ ಯೂರೋಗಿಂತ ಜಾಸ್ತಿ. ಆದರೆ ಅದು ಸಾಲ. ಜೊತೆಗೆ ಕಾರ್ಖಾನೆಗಳು ಶಸ್ತ್ರ ಮಾಡಿ ಕೊಡುವಷ್ಟರಲ್ಲಿ ವರ್ಷಗಳು ಹಿಡಿಯುತ್ತವೆ. ಬುಕಾರೆಸ್ಟ್ ಎರಡೂ ದೋಣಿಯಲ್ಲಿ ಕಾಲಿಟ್ಟಿದೆ. ಅದು ಸರಿ ಅಂತಲೇ ನನ್ನ ಎಣಿಕೆ.

ದುಡ್ಡು ಎಲ್ಲಿಂದ? ನಿಮ್ಮ ಮಗನ ಸಂಬಳದ ಚೀಟಿಯಿಂದಲೂ ಸ್ವಲ್ಪ! 2024ರಲ್ಲಿ ರೊಮೇನಿಯಾದ ಬಜೆಟ್ ಕೊರತೆ ಜಿಡಿಪಿಯ ಶೇ 9 ದಾಟಿತು, ಯುರೋಪಿಯನ್ ಒಕ್ಕೂಟದಲ್ಲೇ ಅತಿ ಹೆಚ್ಚು. ಕಾರಣ ಶಸ್ತ್ರ ಒಂದೇ ಅಲ್ಲ, ಪಿಂಚಣಿ, ಸಂಬಳಗಳೂ ಸೇರಿವೆ. ಸಾಫ್ಟ್‌ವೇರ್ ನೌಕರರಿಗೆ ಇದ್ದ ಆದಾಯ ತೆರಿಗೆ ರಿಯಾಯಿತಿಯನ್ನು 2025ರ ಜನವರಿಯಿಂದ ತೆಗೆದರು. ಆಗಸ್ಟ್‌ನಲ್ಲಿ ವ್ಯಾಟ್ ಶೇ 19ರಿಂದ 21ಕ್ಕೆ ಏರಿತು. ಮಗನನ್ನು ಕೇಳಿ ನೋಡಿ, ಡ್ರೋನ್‌ಗಿಂತ ಮೊದಲು ಇದನ್ನೇ ಹೇಳುತ್ತಾನೆ.

ಈಗ ನಿಮ್ಮ ಮನೆಯ ಮಾತು. ಈಗಿನ ಸ್ಥಿತಿಯಲ್ಲಿ ಯುದ್ಧದ ಹೆದರಿಕೆಗೆ ಕೆಲಸ ಬಿಟ್ಟು ಬಾ ಅಂತ ನಾನು ಹೇಳುವುದಿಲ್ಲ. ಅವನ ನಿಜವಾದ ಅಪಾಯ ಕೆಲಸದ್ದು. ಅಮೆರಿಕನ್ ಕಂಪನಿಗಳು ಕ್ಲುಜ್‌ಗೆ ಬಂದದ್ದು ಕಡಿಮೆ ಖರ್ಚಿಗೆ ಒಳ್ಳೇ ಎಂಜಿನಿಯರ್‌ಗಳು ಸಿಗುತ್ತಾರೆ ಅಂತ. ರಿಯಾಯಿತಿ ಹೋಯಿತು, ಖರ್ಚು ಏರಿತು, ಕಂಪನಿ ಬೇರೆ ಕಡೆ ನೋಡಿದರೆ ಆಶ್ಚರ್ಯವಿಲ್ಲ. ಅವನ ವಾಸದ ಪರವಾನಗಿ ಕೆಲಸಕ್ಕೆ ಕಟ್ಟಿಕೊಂಡಿದೆ. ಸತತ 5 ವರ್ಷ ಕಾನೂನುಬದ್ಧವಾಗಿ ಇದ್ದರೆ ದೀರ್ಘಾವಧಿ ವಾಸಕ್ಕೆ ಅರ್ಜಿ ಹಾಕಬಹುದು. ಅದು ಸಿಕ್ಕರೆ ಕೆಲಸ ಹೋದರೂ ಕಾಲಡಿಯ ನೆಲ ಇರುತ್ತದೆ. ಮೂರು ವರ್ಷ ಆಗಿದೆ, ಇನ್ನೆರಡು ಬಾಕಿ. ಈಗ ಎದ್ದು ಬಂದರೆ ಆ ಮೂರೂ ವರ್ಷ ನೀರಿಗೆ ಹೋದ ಹಾಗೆ. ಬೇರೆ ದೇಶಕ್ಕೆ ಹಾರಿದರೂ ಬಹುತೇಕ ಮೊದಲಿನಿಂದ ಎಣಿಸಬೇಕು.

ಹಾಗಾಗಿ ಫ್ಲ್ಯಾಟ್ ವಿಷಯದಲ್ಲಿ ನಾನು ತಡೆಯುತ್ತೇನೆ. ಕ್ಲುಜ್ ರೊಮೇನಿಯಾದಲ್ಲೇ ಅತಿ ದುಬಾರಿ ಊರು, ಬುಕಾರೆಸ್ಟಿಗಿಂತಲೂ. ದೀರ್ಘಾವಧಿ ವಾಸ ಕೈಗೆ ಬರುವ ತನಕ ಬಾಡಿಗೆಯಲ್ಲೇ ಇರಲಿ. ಬಾಡಿಗೆ ಕೊಟ್ಟು ದುಡ್ಡು ಹಾಳು ಅಂತ ನಿಮಗೆ ಅನ್ನಿಸಬಹುದು, ಸ್ವಲ್ಪ ನಿಜವೂ ಹೌದು, ಬೆಲೆ ಇನ್ನೂ ಏರಿದರೆ ನಷ್ಟವೇ. ಆದರೆ ಪರವಾನಗಿ ಹೋಗಿ ಸಾಲ ಉಳಿದರೆ ಅದು ಇದಕ್ಕಿಂತ ಜಾಸ್ತಿ ನೋಯುತ್ತದೆ. ಕೊಳ್ಳಲೇಬೇಕು ಅಂತ ಹಟ ಹಿಡಿದರೆ ಸಾಲ ಸಂಬಳ ಬರುವ ಕರೆನ್ಸಿಯಲ್ಲೇ ಇರಲಿ. ಸಂಬಳ ರೊಮೇನಿಯಾದ ಕರೆನ್ಸಿ 'ಲೇ'ಯಲ್ಲಿ, ಸಾಲ ಯೂರೋದಲ್ಲಿ ಅಂತ ಮಾಡಿಕೊಳ್ಳಬೇಡ ಅಂತ ಹೇಳಿ.

ಬುಕಾರೆಸ್ಟಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿಕೊಂಡಿದ್ದಾನಾ ಅಂತ ಕೇಳಿ. ಇಲ್ಲದಿದ್ದರೆ ಈ ವಾರವೇ ಮಾಡಿಸಿ. 2022ರಲ್ಲಿ ಉಕ್ರೇನಿನಿಂದ ಸಿರೇಟ್ ಗಡಿಗೆ ಬಂದ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಕರೆತಂದು ವಿಮಾನ ಹತ್ತಿಸಿದ್ದು ಇದೇ ಕಚೇರಿಯವರು. ಯಾರು ಎಲ್ಲಿದ್ದಾರೆ ಅನ್ನುವ ಪಟ್ಟಿ ಇದ್ದರೆ ಅಂಥ ಹೊತ್ತಿನಲ್ಲಿ ಅರ್ಧ ಕೆಲಸ ಮುಗಿದಂತೆ. ಪಾಸ್‌ಪೋರ್ಟ್, ಪರವಾನಗಿ, ಎರಡು ತಿಂಗಳ ಖರ್ಚಿನ ಹಣ ಒಂದೇ ಕಡೆ ಇರಲಿ. ಉಕ್ರೇನಿನ ಹುಡುಗರು ಗಡಿಗೆ ಬರಲು ಎಷ್ಟು ಪಾಡುಪಟ್ಟರು ಅಂತ ನೀವೇ ನೋಡಿದ್ದೀರಿ. ಕ್ಲುಜ್‌ನಿಂದ ಹಂಗೇರಿ ಗಡಿ ಕಾರಿನಲ್ಲಿ ಅರ್ಧ ದಿನವೂ ಬೇಡ. 2025ರ ಜನವರಿಯಿಂದ ರೊಮೇನಿಯಾ ಪೂರ್ತಿಯಾಗಿ ಷೆಂಗನ್ (ಗಡಿ ತಪಾಸಣೆ ಇಲ್ಲದ ಯುರೋಪಿನ ದೇಶಗಳ ವಲಯ) ಒಳಗಿದೆ, ಆ ಗಡಿಯಲ್ಲಿ ಮೊದಲಿನಂತೆ ಪಾಸ್‌ಪೋರ್ಟ್ ಕ್ಯೂ ಇಲ್ಲ.

ಇನ್ನು ಮುಂದೆ ಸುದ್ದಿ ನೋಡುವಾಗ ಸೈನಿಕರು ಬಂದರು, ಹೋದರು ಅನ್ನುವುದಕ್ಕೆ ಬೆಚ್ಚಬೇಡಿ. ಅದು ಪ್ರತಿ ವರ್ಷ ಇರುತ್ತದೆ. ದೆವೆಸೆಲು ಮುಚ್ಚುತ್ತೇವೆ ಅಂದರೆ ಕಿವಿ ನಿಮಿರಿಸಿ. ಎಂಕೆಯ ಕೆಲಸ ಅರ್ಧಕ್ಕೆ ನಿಂತರೆ ಗಮನಿಸಿ. ಅಮೆರಿಕದ ರಾಯಭಾರ ಕಚೇರಿ ತನ್ನ ನೌಕರರ ಕುಟುಂಬಗಳನ್ನು ಬುಕಾರೆಸ್ಟಿನಿಂದ ವಾಪಸ್ ಕರೆಸಿಕೊಂಡರೆ ಆ ದಿನ ಮಗನಿಗೆ ಫೋನ್ ಮಾಡಿ, ಟಿಕೆಟ್ ಬುಕ್ ಮಾಡು ಅಂತ ಹೇಳಿ. 2022ರ ಜನವರಿಯಲ್ಲಿ ಕೀವ್‌ನಲ್ಲಿ ಅವರು ಮಾಡಿದ್ದು ಅದನ್ನೇ, ಯುದ್ಧ ಶುರುವಾಗುವ ಒಂದು ತಿಂಗಳ ಮುಂಚೆ.